ಒಂದು ಹಗ್ಗದಷ್ಟು ಪಟ್ಟಣ

ಆ ಪಟ್ಟಣಕ್ಕೆ ಕೋಟೆಯಿರಲಿಲ್ಲ, ಅಗಳಿರಲಿಲ್ಲ, ಹೆಬ್ಬಾಗಿಲೂ ಇರಲಿಲ್ಲ. ಒಂದು ಹಗ್ಗವಿತ್ತು. ವರ್ಷಕ್ಕೊಮ್ಮೆ, ಯುಗಾದಿಯ ದಿನ, ಆ ಹಗ್ಗವನ್ನು ಪಟ್ಟಣದ ಸುತ್ತ ಹಾಸುತ್ತಿದ್ದರು. ಹಗ್ಗದ ಒಳಗೆ ಬಿದ್ದದ್ದು ಪಟ್ಟಣ. ಹೊರಗೆ ಬಿದ್ದದ್ದು ಏನೂ ಅಲ್ಲ.

ಏನೂ ಅಲ್ಲ ಎಂದರೆ ಬಾಯಿಮಾತಿಗೆ ಹೇಳಿದ್ದಲ್ಲ. ಎರಡು ತುದಿ ಕೂಡಿಸಿ ಗಂಟು ಬಿಗಿದ ಗಳಿಗೆಯಿಂದ ಹೊರಗಿನವರು ಒಳಗಿನವರ ಕಣ್ಣಿಗೆ ಕಾಣುತ್ತಿರಲಿಲ್ಲ, ಕಿವಿಗೆ ಕೇಳುತ್ತಿರಲಿಲ್ಲ. ನೆನಪು ಮಾತ್ರ ಹೋದವರ ನೆಂಟರಲ್ಲಿ ಒಂದು ಹೊತ್ತು ಉಳಿಯುತ್ತಿತ್ತು. ಅವತ್ತಿನ ಹಬ್ಬದ ಊಟ ಉಂಡು ಕೈತೊಳೆದರೆ ಅದೂ ಹೋಯಿತು. ಯಾರು ಒಳಗಿನವರು, ಯಾರು ಹೊರಗಿನವರು ಎನ್ನುವುದಕ್ಕೆ ಒಲೆಯೇ ಸಾಕ್ಷಿ. ನಿಮ್ಮ ಒಲೆ ಯಾವ ಓಣಿಯಲ್ಲಿ ಉರಿಯುತ್ತದೋ ನೀವು ಆ ಓಣಿಯವರು, ಗಂಟು ಬೀಳುವಾಗ ನಿಮ್ಮ ಕಾಲು ಎಲ್ಲಿ ನಿಂತಿದ್ದರೂ ಅಷ್ಟೆ. ಒಲೆಯ ಬೆಂಕಿ ಅತ್ತೆಯಿಂದ ಸೊಸೆಗೆ ಬರಬೇಕು. ಒಂದು ಓಣಿಯ ಬೆಂಕಿಯನ್ನು ಇನ್ನೊಂದು ಓಣಿಗೆ ಒಯ್ಯುವಂತಿಲ್ಲ. ಇದನ್ನೆಲ್ಲ ಯಾರು ಮಾಡಿದರು ಎಂದು ಕೇಳಿದರೆ ಪಟ್ಟಣದವರು ನಗುತ್ತಿದ್ದರು. ಹಗಲನ್ನು ಯಾರು ಮಾಡಿದರು ಎಂದು ಯಾರಾದರೂ ಕೇಳುತ್ತಾರೆಯೇ?

ಹಗ್ಗ ಹಿಡಿದು ನಡೆಯುವವಳು ಒಬ್ಬಳಿದ್ದಳು. ಅವಳನ್ನು ಹಗ್ಗದವ್ವ ಎನ್ನುತ್ತಿದ್ದರು. ಹಳೆಯ ಹಗ್ಗದವ್ವ ಸಾಯುವ ಮುಂಚೆ ಬೆರಳು ತೋರಿಸಿದವಳು ಹೊಸ ಹಗ್ಗದವ್ವ. ಇವಳು ತೆಂಕಣ ದಿಕ್ಕಿನ ನೇಕಾರರ ಕೇರಿಗೆ ಸೊಸೆಯಾಗಿ ಬಂದವಳು. ಗಂಡ ತೀರಿಕೊಂಡಿದ್ದ. ಒಬ್ಬಳೇ ಮಗಳು, ಅವಳನ್ನು ಬಡಗಣ ದಿಕ್ಕಿನ ಬಣ್ಣಗಾರರ ಓಣಿಗೆ ಕೊಟ್ಟಿತ್ತು. ಹಳೆಯ ಹಗ್ಗದವ್ವ ಇವಳಿಗೆ ಎರಡೇ ಮಾತು ಕಲಿಸಿದ್ದಳು. "ಕಣ್ಣು ಹಗ್ಗದ ಮೇಲಿರ್ಲಿ, ಮನೆಗಳ ಮೇಲೆ ಬ್ಯಾಡ" ಎಂಬುದು ಒಂದು. "ಊರೋರಿಗೆ ಮರೆವು ಬತ್ತದೆ, ನಿನಗೆ ಬರಾಕಿಲ್ಲ. ನಡೆದ ಕಾಲು ಮರೆಯಾಕಿಲ್ಲ ಕಣವ್ವಾ" ಎಂಬುದು ಇನ್ನೊಂದು. ಎರಡನೆಯದನ್ನು ಹೇಳುವಾಗ ಮುದುಕಿ ಅತ್ತಿದ್ದಳು.

ಈಗ ಹೇಳುತ್ತಿರುವುದು ಆ ಪಟ್ಟಣದ ಒಂದು ವರ್ಷದ ಕಥೆ.

ಯುಗಾದಿಯ ಬೆಳಿಗ್ಗೆ ಹಗ್ಗಕ್ಕೆ ಮಜ್ಜನ. ಪಟ್ಟಣದ ನಡುವೆ ಒಂದು ಕಂಬ, ಕಂಬದ ಪಕ್ಕ ಒಂದು ಕೊಳ. ಕಂಬದ ಹಿರಿಯ ಎನಿಸಿಕೊಂಡ ಊರ ಯಜಮಾನ ತಾನೇ ಕೊಳಕ್ಕಿಳಿದು, ಅರಿಸಿನ ಕದಡಿದ ಹನ್ನೊಂದು ಕೊಡ ನೀರನ್ನು ಹಗ್ಗದ ಸುರುಳಿಯ ಮೇಲೆ ಹೊಯ್ಯುತ್ತಿದ್ದ. ಆಮೇಲೆ ಸುರುಳಿಯನ್ನು ಮೂರು ಸಲ ಮುಳುಗಿಸಿ ತೆಗೆಯುತ್ತಿದ್ದರು. ನಾಲ್ಕು ಆಳು ಆ ಒದ್ದೆ ಸುರುಳಿಯನ್ನು ಹೆಗಲಿಗೇರಿಸಿಕೊಂಡರೆ, ಹಗ್ಗದವ್ವ ಅದರ ತುದಿಯನ್ನು ಮೂಡಲ ಕಲ್ಲಿಗೆ ಸಿಕ್ಕಿಸಿ ಪ್ರದಕ್ಷಿಣೆಯಾಗಿ ಹೊರಡುತ್ತಿದ್ದಳು. ಮೊದಲು ತೆಂಕಣ, ಆಮೇಲೆ ಪಡುವಣ, ಕೊನೆಗೆ ಬಡಗಣ, ಅಲ್ಲಿಂದ ತಿರುಗಿ ಮೂಡಲ ಕಲ್ಲು. ಅವಳು ನಡೆದ ಹಾಗೆ ಅವಳ ಹಿಂದೆ ಹಗ್ಗ ನೆಲಕ್ಕೆ ಬೀಳುತ್ತಿತ್ತು. ಅವಳ ಹೆಜ್ಜೆಯನ್ನು ಯಾರೂ ಪ್ರಶ್ನಿಸುವಂತಿರಲಿಲ್ಲ. ಮರುದಿನ ಹಗ್ಗವನ್ನು ಸುತ್ತಿ ಚಾವಡಿಯಲ್ಲಿ ಇಟ್ಟರೂ ಅದು ಹಾದ ಗೆರೆ ಮುಂದಿನ ಯುಗಾದಿಯವರೆಗೆ ಉಳಿಯುತ್ತಿತ್ತು.

ಆ ವರ್ಷ ಅವಳು ಬಡಗಣಕ್ಕೆ ಬರುವಾಗ ಸುರುಳಿ ತೆಳ್ಳಗಾಗಿತ್ತು. ಹೆಗಲ ಮೇಲೆ ಉಳಿದದ್ದನ್ನು ನೋಡಿಯೇ ಅವಳಿಗೆ ಗೊತ್ತಾಯಿತು, ಕುಂಬಾರರ ಓಣಿಯನ್ನು ಸುತ್ತಿ ಬರುವಷ್ಟು ಹಗ್ಗ ಇಲ್ಲ. ಐದು ವರ್ಷದ ಹಿಂದೆ ಹುಣಸೆತೋಪು ಹೀಗೇ ಹೋಗಿತ್ತು, ಮೂರು ವರ್ಷದ ಹಿಂದೆ ದನದ ಬಯಲು. ಅವು ಮರ, ಅವು ಬಯಲು ಎಂದು ಅವಳು ಸಮಾಧಾನ ಮಾಡಿಕೊಂಡಿದ್ದಳು. ಈಗ ಓಣಿಯ ಬಾಯಲ್ಲಿ ಕುಂಬಾರಗಿತ್ತಿ ನೀರಿನ ಮಡಿಕೆ ಹಿಡಿದು ನಿಂತಿದ್ದಳು.

"ಯಾಕವ್ವಾ, ಅಲ್ಲೇ ತಿರುಗ್ದೆ? ಬಾ, ನೀರು ಕುಡ್ಕೊಂಡು ಹೋಗು."

"ಹಗ್ಗ ಸಾಲ್ದು ಕಣವ್ವಾ."

"ಸಾಲ್ದೇ ಏನು, ಇನ್ನೊಂಚೂರು ಜಗ್ಗು ಮತ್ತೆ."

ಹಗ್ಗದವ್ವ ಕಣ್ಣನ್ನು ಹಗ್ಗದ ಮೇಲೆ ಇಟ್ಟುಕೊಂಡು ನಡೆದಳು. ಹಿಂದಿನಿಂದ ಕುಂಬಾರಗಿತ್ತಿ ಕರೆಯುತ್ತಲೇ ಇದ್ದಳು. ಮೂಡಲ ಕಲ್ಲಿನ ಹತ್ತಿರ ಹಿರಿಯ ಗಂಟು ಬಿಗಿದ. ಆ ಕೂಗು ಅರ್ಧಕ್ಕೇ ನಿಂತಿತು. ಸಂತೆಬೀದಿಯಲ್ಲಿ ಗಡಿಗೆಯ ಬುಟ್ಟಿ ಹೊತ್ತು ಹೋಗುತ್ತಿದ್ದ ಒಬ್ಬ ಕುಂಬಾರ ಬುಟ್ಟಿಯ ಸಮೇತ ಇಲ್ಲವಾದ. ಅವನಿಗೆ ದಾರಿ ಬಿಟ್ಟು ಪಕ್ಕಕ್ಕೆ ಸರಿದಿದ್ದವರು, ತಾವು ಯಾಕೆ ಸರಿದೆವೆಂದು ತಿಳಿಯದೆ, ಒಂದು ಗಳಿಗೆ ಹಾಗೇ ನಿಂತಿದ್ದರು.

"ಪಟ್ಟಣ ಎಷ್ಟು?" ಎಂದು ಹಿರಿಯ ಕೂಗಿದ.

"ಒಂದು ಹಗ್ಗ!"

"ಹೆಚ್ಚಾಯಿತೇ?"

"ಇಲ್ಲ!"

"ಕಡಿಮೆಯಾಯಿತೇ?"

"ಇಲ್ಲ!"

ಪಟ್ಟಣದ ದಾಖಲೆ ಬರೆಯುವವನು ಓಲೆ ತೆಗೆದು ಬರೆದ: ಈ ಸಂವತ್ಸರದಲ್ಲಿ ಪಟ್ಟಣ ಎಂದಿನಷ್ಟೇ ಇತ್ತು. ಪ್ರತಿವರ್ಷ ಅವನು ಅದನ್ನೇ ಬರೆಯುತ್ತಿದ್ದ. ಸುಳ್ಳೇನೂ ಅಲ್ಲವಲ್ಲ. ಹಗ್ಗದಿಂದಲೇ ಅಳೆದರೆ ಪಟ್ಟಣ ಯಾವಾಗಲೂ ಒಂದು ಹಗ್ಗವೇ.

ಹೂವಾಡಗಿತ್ತಿಯೊಬ್ಬಳ ತಂಗಿಯನ್ನು ಕುಂಬಾರರ ಓಣಿಗೆ ಕೊಟ್ಟಿತ್ತು. ಅಕ್ಕ ಹೂರಣ ರುಬ್ಬುವಾಗ ಎದೆ ಬಡಿದುಕೊಂಡು ಅತ್ತಳು. ಊಟವಾದ ಮೇಲೆ ಸೆರಗು ಒದ್ದೆಯಾಗಿದ್ದುದನ್ನು ನೋಡಿ, ನೀರು ಚೆಲ್ಲಿಕೊಂಡೆನೇನೋ ಅಂದುಕೊಂಡು ಹಿಂಡಿ ಒಣಹಾಕಿದಳು.

ವೈಶಾಖ ಬಂತು, ಬಿಸಿಲು ಏರಿತು. ಇದ್ದ ಗಡಿಗೆಗಳು ಒಂದೊಂದಾಗಿ ಒಡೆದವು, ಹೊಸದನ್ನು ಎಲ್ಲಿಂದ ತರಬೇಕೆಂದು ಯಾರಿಗೂ ಹೊಳೆಯಲಿಲ್ಲ. ಹಿತ್ತಾಳೆ ಕೊಡದ ಬಿಸಿನೀರು ಕುಡಿದು, "ಬ್ಯಾಸಿಗೇಲಿ ನೀರು ಸುಡದೆ ಇನ್ನೇನು" ಎಂದರು. ಬರೆಯುವವನು ಹಳೆಯ ಓಲೆಗಳನ್ನು ತಿದ್ದಿ, ನಮ್ಮ ಹಿರಿಯರು ಹಿತ್ತಾಳೆಯಲ್ಲೇ ಕುಡಿಯುತ್ತಿದ್ದರು ಎಂದು ಸೇರಿಸಿದ. ಜ್ಯೇಷ್ಠದಲ್ಲಿ ಒಂದು ಸಾವಾಯಿತು. ಹೆಣದ ಮುಂದೆ ಮಗ ನಡೆಯುತ್ತಿದ್ದ. ಅವನ ಬಲಗೈ ಏನನ್ನೋ ಹಿಡಿದಿರುವ ಹಾಗೆ ಬಾಗಿತ್ತು. ಬೆಂಕಿಯ ಮಡಿಕೆ ಇರಬೇಕಾದ ಜಾಗ ಅದು. ಕೈಯಲ್ಲಿ ಏನೂ ಇರಲಿಲ್ಲ, ಆದರೂ ಕೈಯನ್ನು ನೇರ ಮಾಡಲು ಅವನಿಗೆ ಆಗುತ್ತಿರಲಿಲ್ಲ. ಜನ ನೋಡಿದರು, ಏನೋ ಸರಿಯಿಲ್ಲ ಅನ್ನಿಸಿತು, ಏನೆಂದು ತಿಳಿಯದೆ ಬೇಗಬೇಗ ಮನೆಗೆ ಹೋದರು. ನೋಡುತ್ತ ನಿಂತಿದ್ದ ಹಗ್ಗದವ್ವನಿಗೆ ಮಾತ್ರ ಎಲ್ಲ ಗೊತ್ತಿತ್ತು. ಬಾಯಿಬಿಟ್ಟರೆ ಮರುಳು ಎನ್ನುತ್ತಾರೆ ಎಂಬುದೂ ಗೊತ್ತಿತ್ತು.

ಆಷಾಢಕ್ಕೆ ಮಗಳು ತವರಿಗೆ ಬಂದಳು. ಬಂದವಳು ಹೊಸಿಲು ದಾಟುವ ಮುಂಚೆಯೇ ಹುಳಿಮಾವು ಕೇಳಿದಳು. ತಾಯಿಗೆ ಅರ್ಥವಾಯಿತು. ಕೆನ್ನೆ ಹಿಡಿದು ಮುದ್ದಾಡಿ, ದೃಷ್ಟಿ ತೆಗೆದು, ಒಳಗೆ ಹೋಗಿ ಗೋಡೆಗೆ ಒರಗಿ ನಿಂತಳು. ಬಡಗಣದಲ್ಲಿ ಕುಂಬಾರರ ಓಣಿಯ ಮಗ್ಗುಲಿಗೇ ಬಣ್ಣಗಾರರ ಓಣಿ. ಈಗ ಪಟ್ಟಣದ ಅಂಚು ಎಂದರೆ ಅದೇ. ಮಗಳ ಹಿತ್ತಿಲಿನಿಂದ ಎರಡು ಮಾರು ದೂರದಲ್ಲಿ ಹಗ್ಗ ಹಾದುಹೋಗಿತ್ತು. ಮುಂದಿನ ಯುಗಾದಿಗೆ ಮಗುವಿಗೆ ಮೂರು ತಿಂಗಳು ತುಂಬಿರುತ್ತದೆ.

ಹಗ್ಗ ಯಾಕೆ ಸಾಲುತ್ತಿಲ್ಲ ಎಂದು ಅವಳು ಅದುವರೆಗೆ ಕೇಳಿಕೊಂಡಿರಲಿಲ್ಲ. ಪಟ್ಟಣ ಬೆಳೆಯುತ್ತಿದೆ, ಅದಕ್ಕೇ ಸಾಲುತ್ತಿಲ್ಲ ಎಂದು ನಂಬಿಕೊಂಡಿದ್ದಳು. ಶ್ರಾವಣದ ಜಡಿಮಳೆಯಲ್ಲಿ ಒಂದು ಮಧ್ಯಾಹ್ನ, ಬಸುರಿ ಮಗಳನ್ನು ಮಲಗಿಸೋಣವೆಂದು ಹಗ್ಗದ ಮಂಚ ಎಳೆದಳು. ಮಂಚ ಸೋರುವ ಮೂಲೆಯಲ್ಲಿತ್ತು. ಹುರಿ ನೆನೆದು ಎಷ್ಟು ಬಿಗಿದಿತ್ತೆಂದರೆ ಮಂಚದ ಒಂದು ಕಾಲು ನೆಲ ಬಿಟ್ಟು ಮೇಲೆದ್ದಿತ್ತು.

"ಮಳೇಲಿ ಹುರಿ ಬಿಗೀತದಲ್ಲವ್ವಾ, ಇದೇನು ಹೊಸ್ದಾ?" ಎಂದಳು ಮಗಳು.

ಹೊಸದೇನಲ್ಲ. ಪಟ್ಟಣದ ಪ್ರತಿ ಹೆಂಗಸಿಗೂ ಗೊತ್ತಿದ್ದ ಸಂಗತಿ. ಬಾವಿಹಗ್ಗವನ್ನು ಬಿಸಿಲಿಗೆ ಹಾಕದಿದ್ದರೆ ಕೊಡ ನೀರು ಮುಟ್ಟುವುದಿಲ್ಲ ಎಂದು ಸೊಸೆಯಂದಿರನ್ನು ಬೈಯುತ್ತಿದ್ದವರು ಅವರೇ. ಮನೆಯ ಹಗ್ಗಕ್ಕೆ ಇದ್ದ ಬುದ್ಧಿ ಪೂಜೆಯ ಹಗ್ಗಕ್ಕೆ ಯಾರೂ ತಂದುಕೊಂಡಿರಲಿಲ್ಲ. ಹಗ್ಗದವ್ವ ಅದೇ ನಾರು ತಂದು, ಅದೇ ಹೊಸೆತದಲ್ಲಿ ಎರಡು ತುಂಡು ಹುರಿ ಮಾಡಿದಳು. ಎರಡೂ ಬಾಗಿಲ ಚೌಕಟ್ಟಿನ ಎತ್ತರಕ್ಕೆ ಸರಿಯಾಗಿದ್ದವು. ಒಂದನ್ನು ಹಾಗೇ ಇಟ್ಟು, ಇನ್ನೊಂದನ್ನು ಅರಿಸಿನ ನೀರಲ್ಲಿ ಏಳು ಸಲ ಅದ್ದಿ ಒಣಗಿಸಿದಳು. ಏಳನೆಯ ಸಲಕ್ಕೆ ಅದು ಒಂದು ಗೇಣು ಗಿಡ್ಡವಾಗಿತ್ತು. ಒಣಗಿದ ಮೇಲೂ ಪೂರಾ ಬಿಟ್ಟುಕೊಡಲಿಲ್ಲ. ಭಕ್ತಿಯಿಂದ ಮಜ್ಜನ ಮಾಡಿಸಿ, ಒದ್ದೆ ಹಗ್ಗ ಹಿಡಿದು, ತಾನೇ ನಡೆದು ನಡೆದು ಪಟ್ಟಣವನ್ನು ಕತ್ತರಿಸುತ್ತ ಬಂದಿದ್ದೇನೆ ಎಂದು ಅವಳಿಗೆ ಅರಿವಾಯಿತು. ಅವಳು ಕುಂಬಾರಗಿತ್ತಿಯನ್ನು ನೆನೆದು ಅತ್ತಳು.

ಭಾದ್ರಪದ ಕಳೆದ ಕೂಡಲೇ ಎರಡು ಹುರಿಯನ್ನೂ ಸೆರಗಿನಲ್ಲಿ ಕಟ್ಟಿಕೊಂಡು ಕಂಬದ ಚಾವಡಿಗೆ ಹೋದಳು. ಹಿರಿಯ ಕುಳಿತಿದ್ದ, ಪಕ್ಕದಲ್ಲಿ ಬರೆಯುವವನಿದ್ದ. ಹಿರಿಯ ಕೆಟ್ಟವನಲ್ಲ, ಅದನ್ನು ಹೇಳಲೇಬೇಕು. ಹಗ್ಗದ ಹೆಸರೆತ್ತಿದರೆ ಅವನ ಕಣ್ಣು ನೀರಾಡುತ್ತಿತ್ತು.

"ಬುದ್ಧೀ, ಹಗ್ಗ ಕುಗ್ತಾ ಐತೆ."

"ಕುಗ್ತಾ ಐತಾ? ಪ್ರತಿ ವರ್ಷ ತುದೀಗೆ ತುದಿ ಸರಿಯಾಗಿ ಕೂಡ್ತದಲ್ಲವ್ವಾ."

"ನಾನು ಒಳಗೆ ತಿರುಗ್ತೀನಿ, ಅದಕ್ಕೆ ಕೂಡ್ತದೆ ಬುದ್ಧೀ. ನೋಡಿ, ಎರಡೂ ಒಂದೇ ಅಳತೇಲಿ ಹೊಸ್ದಿದ್ದು. ಇದು ಒಣಗಿದ್ದು. ಇದು ಏಳು ಸಲ ಮಜ್ಜನ ಆಗಿದ್ದು."

ಹಿರಿಯ ಎರಡನ್ನೂ ಅಂಗೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದ. ಆಮೇಲೆ ಗಲ್ಲ ಗಲ್ಲ ಬಡಿದುಕೊಂಡ. "ತಪ್ಪಾಯ್ತು. ನಮ್ಮಿಂದ ದೊಡ್ಡ ತಪ್ಪಾಯ್ತು" ಎಂದ. ಹಗ್ಗದವ್ವನ ಎದೆಯಿಂದ ಒಂದು ಕಲ್ಲು ಇಳಿದ ಹಾಗಾಯಿತು.

"ವರ್ಷಕ್ಕೆ ಒಂದೇ ಒಂದು ಮಜ್ಜನ! ಉಳಿದಷ್ಟು ದಿನ ಚಾವಡಿಯ ಧೂಳಲ್ಲಿ ಬಿದ್ದಿರ್ತದೆ. ಮೈಲಿಗೆ ತಾಳಲಾರದೆ ಮುದುಡ್ಕೊಳ್ತಾ ಐತೆ ತಾಯಿ" ಎಂದ ಹಿರಿಯ.

"ಅಲ್ಲ ಬುದ್ಧೀ, ನೀರೇ..."

"ನೀರೇ ಮದ್ದು. ನೀನು ಹೇಳೋದು ಸರಿ. ಇವತ್ತಿಂದ ಪ್ರತಿ ಹುಣ್ಣಿಮೆಗೂ ಮಜ್ಜನ ಆಗ್ಲಿ. ಯುಗಾದಿಗೆ ಇನ್ನೂ ಆರು ಹುಣ್ಣಿಮೆ ಐತೆ."

ಅವಳು ಕಾಲು ಹಿಡಿದಳು. ಹಿರಿಯ ಅದನ್ನು ಭಕ್ತಿ ಎಂದುಕೊಂಡು ಎತ್ತಿ ನಿಲ್ಲಿಸಿದ. ಹೆಗಲಿಗೆ ಶಾಲು ಹೊದಿಸಿದರು, ತಾಂಬೂಲ ಕೊಟ್ಟರು. ಬರೆಯುವವನು ಬರೆದ: ಹಗ್ಗದವ್ವನ ಬಿನ್ನಹದ ಮೇರೆಗೆ ಹುಣ್ಣಿಮೆಯ ಮಜ್ಜನಗಳು ಆರಂಭವಾದವು. ಊರಿಗೆ ಉಪಕಾರ ಮಾಡಬೇಡ, ಹೆಣಕ್ಕೆ ಶೃಂಗಾರ ಮಾಡಬೇಡ ಎಂದು ಹಿರಿಯರು ಸುಮ್ಮನೆ ಹೇಳಿದ್ದಲ್ಲ.

ಆಶ್ವಯುಜದ ಹುಣ್ಣಿಮೆಗೆ ಹನ್ನೊಂದು ಕೊಡ. ಕಾರ್ತಿಕದ ಹುಣ್ಣಿಮೆಗೆ, ಹಗ್ಗ ಇನ್ನೂ ಮುದುಡುತ್ತಿದೆ ಎಂದು ಯಾರೋ ಕಂಡು, ಇಪ್ಪತ್ತೊಂದು ಕೊಡ. ಮಾರ್ಗಶಿರದಲ್ಲಿ ಐವತ್ತೊಂದು. ಮುತ್ತೈದೆಯರು ಸಾಲಾಗಿ ನಿಂತು ಹೊಯ್ದರು, ಹಾಡು ಹೇಳಿದರು. ಹಗ್ಗ ಕುಗ್ಗಿದಷ್ಟೂ ನೀರು ಹೆಚ್ಚಿತು, ನೀರು ಹೆಚ್ಚಿದಷ್ಟೂ ಹಗ್ಗ ಕುಗ್ಗಿತು. ಪ್ರತಿಸಲ ಹಗ್ಗದವ್ವನೇ ಮೊದಲ ಕೊಡ ಹೊಯ್ಯಬೇಕಾಗಿತ್ತು, ಯಾಕೆಂದರೆ ಮರ್ಯಾದೆ ಅವಳದು. ಮಜ್ಜನವಾದ ಮೇಲೆ ಸುರುಳಿಯನ್ನು ಮುಟ್ಟಿ ನೋಡುತ್ತಿದ್ದಳು. ಅದು ಕೈಗೆ ಒರಟಾಗಿ, ಗಟ್ಟಿಯಾಗಿ ಸಿಗುತ್ತಿತ್ತು.

ಅಳಿಯನ ಹತ್ತಿರವೂ ಮಾತಾಡಿ ನೋಡಿದಳು. ಒಳಗೆಲ್ಲಾದರೂ ಬಂದುಬಿಡಿ ಎಂದಳು.

"ಬಣ್ಣದ ಬಾನಿ ಹೊತ್ಕೊಂಡು ಎಲ್ಲಿಗೆ ಬರ್ಲಿ ಅತ್ತೆ? ಒಲೆ ಕದಲಿಸೋ ಹಂಗಿಲ್ಲ ಅಂತ ನಿಮಗೇ ಗೊತ್ತು. ಅದೂ ಅಲ್ದೆ ನಮ್ಮೋಣಿ ಆಚೆ ಯಾವ ಓಣಿ ಹೋಗೈತೆ ಹೇಳಿ? ಯಾವತ್ತೂ ನಮ್ಮೋಣೀನೇ ಕೊನೇದು."

ಅವನಿಗೆ ಅವಳು ಏನು ಹೇಳಿಯಾಳು? ಹುಟ್ಟಿದಾಗಿನಿಂದ ಕುಂಬಾರರ ಮಕ್ಕಳ ಜೊತೆ ಆಡಿ ಬೆಳೆದವನು ಅವನು.

ಪುಷ್ಯದಲ್ಲಿ ಮಗಳಿಗೆ ನೋವು ಬಂತು. ಪಕ್ಕದ ಮನೆಯ ನೇಕಾರಗಿತ್ತಿ ಬಂದು ಹೆರಿಗೆ ಮಾಡಿಸಿದಳು. ಕೇರಿಯ ಅರ್ಧ ಮಕ್ಕಳ ಹೊಕ್ಕುಳಬಳ್ಳಿ ಕೊಯ್ದ ಕೈ ಅವಳದು. ಹೆಣ್ಣುಮಗು. ನೇಕಾರಗಿತ್ತಿ ತಾನೇ ಮಗ್ಗದ ಮೇಲೆ ಕೂತು, ಮಗುವಿಗೆಂದು ಮೆತ್ತನೆಯ ಬಿಳಿ ಬಟ್ಟೆ ನೇಯ್ದು ತಂದಳು. "ನಿನ್ನ ಮಗಳ ಕೈಲೇ ಬಣ್ಣ ಹಾಕಿಸ್ಕೋ. ನೇಯೋರು ನಾವು, ಬಣ್ಣ ಹಾಕೋರು ಅವ್ರು, ಉಡೋಳು ಈ ಕಳ್ಳಿ" ಎಂದು ಮಗುವಿನ ಅಂಗಾಲಿಗೆ ಮುತ್ತಿಟ್ಟಳು. ಹಗ್ಗದವ್ವನಿಗೆ ಅವಳ ಮುಖ ನೋಡಲಾಗಲಿಲ್ಲ. ಯಾಕೆಂದರೆ ಆ ಹೊತ್ತಿಗಾಗಲೇ ಅವಳ ಮನಸ್ಸಿನಲ್ಲಿ ಒಂದು ಯೋಚನೆ ಹೊಕ್ಕಿತ್ತು.

ಹಗ್ಗ ಬಡಗಣದಲ್ಲಿ ಸಾಲದೆ ಬರುವುದು ಆ ದಿಕ್ಕು ಕೊನೆಯಲ್ಲಿ ಬರುವುದರಿಂದ. ಮೊದಲೇ ಎಲ್ಲಾದರೂ ಉಳಿಸಿಕೊಂಡರೆ ಕೊನೆಗೆ ಸಾಲುತ್ತದೆ. ಮೂಡಲ ಕಲ್ಲಿನಿಂದ ಹೊರಟರೆ ಮೊದಲು ಸಿಗುವುದು ತೆಂಕಣ, ತೆಂಕಣದಲ್ಲಿ ಮೊದಲು ಸಿಗುವುದು ನೇಕಾರರ ಕೇರಿ. ಅಲ್ಲಿ ನಲವತ್ತು ಒಲೆ. ಬಣ್ಣಗಾರರ ಓಣಿಯಲ್ಲಿ ಹನ್ನೊಂದು. ನಲವತ್ತರಲ್ಲಿ ಒಂದು ಅವಳದೇ.

ಇದು ತಪ್ಪು ಎಂದು ಅವಳಿಗೆ ಗೊತ್ತಿತ್ತು. ಗೊತ್ತಿಲ್ಲದೆ ಕುಂಬಾರರನ್ನು ಬಿಟ್ಟದ್ದಕ್ಕೆ ಒಂದು ವರ್ಷ ನಿದ್ದೆಗೆಟ್ಟವಳು ಅವಳು. ಗೊತ್ತಿದ್ದೂ ಗೊತ್ತಿದ್ದೂ ನಲವತ್ತು ಒಲೆಯನ್ನು ಹೇಗೆ ಬಿಟ್ಟಾಳು? ಮಾಘವಿಡೀ ಹಗಲು ಒಂದು ತೀರ್ಮಾನ, ಸಂಜೆ ಇನ್ನೊಂದು. ಫಾಲ್ಗುಣದಲ್ಲಿ ಮಗಳು ಮಗುವನ್ನೆತ್ತಿಕೊಂಡು ಗಂಡನ ಮನೆಗೆ ಹೊರಟಳು. ಕೇರಿಯ ತಿರುವಿನಲ್ಲಿ ನಿಂತು, ಮಗುವಿನ ಕೈ ಹಿಡಿದು ಅಜ್ಜಿಗೆ ಬೀಸಿದಳು. ಆವಾಗ ಹಗ್ಗದವ್ವನ ಹೊಯ್ದಾಟ ನಿಂತಿತು.

ಯುಗಾದಿ ಬಂತು. ನೂರೊಂದು ಕೊಡದ ಮಜ್ಜನವಾಯಿತು. ನಾಲ್ಕು ಆಳು ಹೊರುತ್ತಿದ್ದ ಸುರುಳಿಯನ್ನು ಮೂವರು ಹೊತ್ತರು. ಹಗುರಾಯಿತು, ಪಾಪ ಕಳೆಯಿತು ಎಂದು ಜನ ಸಂತೋಷಪಟ್ಟರು. ಹಗ್ಗದವ್ವ ತುದಿಯನ್ನು ಮೂಡಲ ಕಲ್ಲಿಗೆ ಸಿಕ್ಕಿಸಿ ನಡೆದಳು.

ತೆಂಕಣದಲ್ಲಿ, ನೇಕಾರರ ಕೇರಿಯ ಬಾಯಲ್ಲಿ, ನೇಕಾರಗಿತ್ತಿ ಬೇವುಬೆಲ್ಲದ ಬಟ್ಟಲು ಹಿಡಿದು ಕಾಯುತ್ತಿದ್ದಳು. ಹಗ್ಗದವ್ವ ಅಲ್ಲಿಗೆ ಹತ್ತು ಹೆಜ್ಜೆ ಇರುವಾಗ ಬಲಕ್ಕೆ ತಿರುಗಿದಳು. ಹಿಂದಿನ ಮೂವರು ಆಳುಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಏ ಹಗ್ಗದವ್ವಾ! ದಾರಿ ತಪ್ತಲ್ಲೇ! ನಮ್ಮ ಕೇರಿ ಈ ಕಡೆ!" ನೇಕಾರಗಿತ್ತಿ ನಗುತ್ತಿದ್ದಳು. "ನಿನ್ನ ಮನೇನೂ ಈ ಕಡೇನೇ ಅಲ್ವಾ!"

ಹಗ್ಗದವ್ವ ನಿಂತಳು. ಹಳೆಯ ಹಗ್ಗದವ್ವನ ಮಾತು ಮೀರಿ, ಕಣ್ಣನ್ನು ಹಗ್ಗದಿಂದ ಎತ್ತಿ, ಕೇರಿಯ ನಲವತ್ತು ಬಾಗಿಲನ್ನೂ ನೋಡಿದಳು. ಬಾಗಿಲಿಗೆಲ್ಲ ಮಾವಿನೆಲೆಯ ತೋರಣ, ಒಳಗಿನಿಂದ ಒಗ್ಗರಣೆಯ ವಾಸನೆ. ಮನಸ್ಸು ಬದಲಾಯಿಸಲು ಇನ್ನೂ ಸಮಯವಿತ್ತು.

"ಗೊತ್ತು ಕಣವ್ವಾ" ಎಂದು ಹೇಳಿ ನಡೆದಳು.

ಪಡುವಣ ದಾಟಿ ಬಡಗಣಕ್ಕೆ ಬಂದಾಗ ಹೆಗಲ ಮೇಲೆ ಸಾಕಷ್ಟು ಹಗ್ಗ ಉಳಿದಿತ್ತು. ಬಣ್ಣಗಾರರ ಓಣಿಯ ಹನ್ನೊಂದು ಮನೆಯ ಹಿತ್ತಿಲನ್ನೂ ಬಳಸಿ, ಹೋದ ವರ್ಷದ ಜಾಗದಲ್ಲೇ ಹಗ್ಗ ಹಾಸಿದಳು. ಮಗಳು ಹಿತ್ತಿಲಿಗೆ ಓಡಿಬಂದಳು. ಹಗ್ಗ ಹಿಡಿದ ಕೈ ಬಿಡುವಂತಿಲ್ಲ. ಇನ್ನೊಂದು ಕೈಯಿಂದ ಹಗ್ಗದವ್ವ ಮಗುವಿನ ಪಾದ ಹಿಡಿದುಕೊಂಡಳು.

"ಅವ್ವಾ, ಊಟಕ್ಕೆ ಇಲ್ಲಿಗೇ ಬಾ. ಒಬ್ಬಟ್ಟು ಮಾಡ್ತಿದ್ದೀನಿ. ನೀನು ಬರೋವರ್ಗೂ ನಾನು ಉಣ್ಣಲ್ಲ ನೋಡು."

"ಉಂಡ್ಬಿಡು ಮಗಳೇ. ನಂಗೆ ತಡ ಆಗ್ತದೆ."

"ಎಷ್ಟು ಹೊತ್ತಾದ್ರೂ ಬಾ. ಬರ್ತೀನಿ ಅನ್ನು."

"ಬರ್ತೀನಿ" ಎಂದಳು. ಪಾದ ಬಿಡಲು ಮನಸ್ಸಾಗಲಿಲ್ಲ, ಆದರೂ ಬಿಟ್ಟಳು.

ಮೂಡಲ ಕಲ್ಲಿನ ಹತ್ತಿರ ಎರಡು ತುದಿ ಕೂಡಿದವು. ಕೂಡಿದ್ದಷ್ಟೇ ಅಲ್ಲ, ಒಂದು ಮೊಳ ಮಿಕ್ಕಿತು. ಹಿರಿಯ ಆ ಮೊಳವನ್ನು ಎತ್ತಿ ಜನರಿಗೆಲ್ಲ ತೋರಿಸಿದ. "ಹಗ್ಗ ಬೆಳೆದೈತೆ! ಮಜ್ಜನದ ಫಲ ನೋಡ್ರಪ್ಪಾ!" ಎಂದು ಕಣ್ಣೊರೆಸಿಕೊಂಡ. ಬರುವ ವರ್ಷ ದಿನವೂ ಮಜ್ಜನ ಎಂದು ಅಲ್ಲೇ ಗೊತ್ತುಮಾಡಿದರು. ಆಮೇಲೆ ಹಿರಿಯ ಗಂಟು ಬಿಗಿದ.

ಹಗ್ಗದವ್ವನಿಗೆ ಕೊಡಲೆಂದು ತಾಂಬೂಲದ ತಟ್ಟೆ ಹಿಡಿದು ತಿರುಗಿದವನ ಕಣ್ಣು ಅವಳನ್ನು ದಾಟಿಕೊಂಡು ಹೋಯಿತು. ತಟ್ಟೆಯನ್ನು ಯಾರಿಗೆ ತಂದೆನೆಂದು ಎಡಕ್ಕೆ ಬಲಕ್ಕೆ ನೋಡಿದ. ಕೊನೆಗೆ ಹಗ್ಗದ ಮೇಲೆಯೇ ಇಟ್ಟು ಕೈಮುಗಿದ.

"ಯಾರು ನಡೆಸಿದ್ರು ಅಂತ ಬರೀಲಿ?" ಎಂದು ಬರೆಯುವವನು ಕೇಳಿದ.

"ಅದು ತಾನೇ ನಡೀತು ಅಂತ ಬರಿ."

ಹಗ್ಗದವ್ವ ಬಾಯಿ ತೆರೆಯುವ ಮೊದಲೇ ಅವಳ ಕಾಲು ತಾವಾಗಿ ಹೊರಟವು. ಜನರ ನಡುವೆ ಹಾದು, ಹಗ್ಗ ದಾಟಿ, ಅವಳ ಒಲೆಯಿದ್ದ ಕಡೆಗೆ ಅವಳನ್ನು ಒಯ್ದು ನಿಲ್ಲಿಸಿದವು. ತಿರುಗಿ ಒಳಗೆ ಬರಲು ಹೆಜ್ಜೆ ಎತ್ತಿದಳು. ಎತ್ತಿದ ಹೆಜ್ಜೆ ಹೊರಗೇ ಬಿತ್ತು. ಮತ್ತೆ ಎತ್ತಿದಳು, ಮತ್ತೆ ಹೊರಗೇ ಬಿತ್ತು.

ಕೇರಿಯಲ್ಲಿ ನಲವತ್ತು ಮನೆಯವರೂ ಬೀದಿಗೆ ಬಂದಿದ್ದರು. ಕೂಗಿ ಕೂಗಿ ಗಂಟಲು ಕಟ್ಟಿದವರು ಸುಮ್ಮನೆ ಕುಳಿತಿದ್ದರು. ನೇಕಾರಗಿತ್ತಿ ಜಗಲಿಯ ಮೇಲಿದ್ದಳು. ಬಟ್ಟಲು ಇನ್ನೂ ಅವಳ ಮಡಿಲಲ್ಲೇ ಇತ್ತು.

"ಬೇರೆ ದಾರಿ ಇರ್ಲಿಲ್ವಾ ತಾಯಿ?"

"ಇರ್ಲಿಲ್ಲ" ಎಂದಳು ಹಗ್ಗದವ್ವ. ಆಮೇಲೆ, "ಇತ್ತು" ಎಂದಳು.

"ನಿನ್ನ ಮಗಳು ಒಳಗೆ ಉಳಿದ್ಲಾ?"

"ಹೂಂ."

"ನನ್ನ ಮಗಳನ್ನೂ ಗಾಣದೋರ ಬೀದೀಗೆ ಕೊಟ್ಟಿದ್ದೀನಿ. ಅವಳೂ ಒಳಗೇ ಅವ್ಳೆ." ನೇಕಾರಗಿತ್ತಿ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. "ಬಾಣಂತನಕ್ಕೆ ಬಾ ಅಂದಿದ್ದೆ. ಹೋಗೋದು ಎಲ್ಲಿಗೆ ಅಂತ ಈಗ ಅವಳಿಗೆ ಯಾರು ಹೇಳ್ತಾರೆ?"

 ಹಗ್ಗದವ್ವ ಹಗ್ಗದ ಹೊರಮಗ್ಗುಲು ಹಿಡಿದು ಪಟ್ಟಣವನ್ನು ಬಳಸಿ ನಡೆದಳು. ದಾರಿಯುದ್ದಕ್ಕೂ ಒಳಗೆ ಹಬ್ಬದ ಗದ್ದಲ ಕೇಳುತ್ತಿತ್ತು, ಮನೆಮನೆಯಲ್ಲಿ ಎಲೆ ಹಾಕುವುದು ಕಾಣುತ್ತಿತ್ತು. ಹೊತ್ತು ಇಳಿಯುವಾಗ ಬಡಗಣ ಮುಟ್ಟಿದಳು. ಮಗಳ ಹಿತ್ತಿಲ ಎದುರಿಗೆ, ಹಗ್ಗಕ್ಕೆ ಕಾಲು ತಾಗಿಸಿಕೊಂಡು ನಿಂತಳು. ಅವಳ ಹಿಂದೆ ಯಾರೋ ಕೆಮ್ಮಿದರು. ಕುಂಬಾರಗಿತ್ತಿ. ಒಂದು ವರ್ಷದಲ್ಲಿ ಹತ್ತು ವರ್ಷ ಮುದುಕಿಯಾಗಿದ್ದಳು.

"ನೀನೂ ಬಂದ್ಯಾ? ಮೊದಲ್ನೇ ದಿನ ಎಲ್ರೂ ಹಿಂಗೇ ಬಂದು ನಿಂತ್ಕೋತಾರೆ" ಎಂದಳು.

ಹಿತ್ತಿಲ ಮೆಟ್ಟಿಲ ಮೇಲೆ ಮಗಳು ಕುಳಿತಿದ್ದಳು. ಮುಂದೆ ಎರಡು ಎಲೆ ಬಡಿಸಿಟ್ಟಿತ್ತು. ಎರಡರಲ್ಲೂ ಒಬ್ಬಟ್ಟು, ಎರಡರಲ್ಲೂ ತುಪ್ಪ. ತೊಡೆಯ ಮೇಲಿನ ಮಗು ಹಸಿವಿಗೆ ಕಿರುಚುತ್ತಿತ್ತು. ಎದೆಗೆ ಹಚ್ಚಿದರೂ ಹಾಲು ಸಾಲದೆ ಮತ್ತೆ ಕಿರುಚುತ್ತಿತ್ತು. ಅಳಿಯ ಒಳಗಿನಿಂದ ಬಂದ. ಅವನದು ಊಟವಾಗಿತ್ತು.

"ಹೊತ್ತು ಮುಳುಗ್ತಾ ಐತೆ, ಬಾಣಂತಿ ಮೈಯಿ. ಉಣ್ಣಬಾರ್ದಾ? ಯಾರಿಗೆ ಕಾಯ್ತಾ ಇದ್ದೀಯಾ?"

"ಅವ್ವ ಬರ್ಲಿ. ಬರ್ತೀನಿ ಅಂದವ್ಳೆ."

"ಯಾವ ಅವ್ವ?" ಅವನು ತಮಾಷೆ ಮಾಡುತ್ತಿರಲಿಲ್ಲ.

"ನಮ್ಮವ್ವ ಕಣ್ರೀ! ಬರ್ತೀನಿ ಅಂದವ್ಳೆ" ಎಂದು ಮಗಳು ಅಳು ಬಂದ ದನಿಯಲ್ಲಿ ರೇಗಿದಳು.

ಕುಂಬಾರಗಿತ್ತಿ ಹಗ್ಗದವ್ವನ ಮೊಣಕೈ ಹಿಡಿದಳು. "ಅವಳಿನ್ನೂ ಉಂಡಿಲ್ಲ. ಉಣ್ಣೋವರ್ಗೂ ನಿನ್ನೋಳು. ಹೋದ ವರ್ಷ ಹೂ ಮಾರೋ ನನ್ನಕ್ಕ ಉಣ್ಣದಂಗೆ ಇರ್ಲಿ ಅಂತ ನಾನು ದೇವ್ರಿಗೆ ಹರಕೆ ಹೊತ್ತಿದ್ದೆ."

ಹಗ್ಗದವ್ವನಿಗೂ ಆ ಆಸೆ ಬಂತು. ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಇನ್ನೊಂದು ಗಳಿಗೆ ಕಾಯಲಿ, ಇನ್ನೊಂದು ಸಲ ಅವ್ವ ಅನ್ನಲಿ ಎಂದು ಜೀವ ಬಡಿದುಕೊಂಡಿತು. ಮಗಳು ಬಯಲಿನ ಕಡೆಗೇ, ಅವಳು ನಿಂತಿದ್ದ ಕಡೆಗೇ ನೋಡುತ್ತಿದ್ದಳು. ಮಗುವಿನ ಕಿರುಚಾಟ ಬರಬರುತ್ತ ಸಣ್ಣಗಾಯಿತು. ಅಳಲು ತ್ರಾಣವಿಲ್ಲದ ಅಳು ಅದು. ಹೆತ್ತವರಿಗೆ ಅದು ತಿಳಿಯುತ್ತದೆ.

"ಉಣ್ಣು ಮಗಳೇ" ಎಂದಳು ಹಗ್ಗದವ್ವ. ಕೇಳಿಸುವುದಿಲ್ಲವೆಂದು ಗೊತ್ತಿದ್ದೂ ಗಂಟಲೆತ್ತಿ ಕೂಗಿದಳು. "ಕೂಸಿಗೆ ಹಾಲು ಬತ್ತೋಗ್ತದೆ ಕಣೇ! ನಾನು ಬರಾಕಿಲ್ಲ! ಉಣ್ಣು ನನ್ನವ್ವಾ, ಉಣ್ಣು!"

ಮಗಳು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಇನ್ನೊಮ್ಮೆ ಬಯಲಿನ ಕಡೆ ನೋಡಿದಳು. ಮಗುವನ್ನು ಎಡತೊಡೆಗೆ ಸರಿಸಿಕೊಂಡು, ಒಬ್ಬಟ್ಟು ಮುರಿದು ಬಾಯಿಗಿಟ್ಟಳು. ಅವಳಿಗೆ ತುಂಬ ಹಸಿವಾಗಿತ್ತು. ತನ್ನ ಎಲೆ ಮುಗಿಸಿ, ಎದುರಿಗೆ ಬಡಿಸಿದ್ದ ಇನ್ನೊಂದು ಎಲೆಯನ್ನು ಒಂದು ಗಳಿಗೆ ನೋಡಿ, ಅದನ್ನೂ ಹತ್ತಿರಕ್ಕೆ ಎಳೆದುಕೊಂಡು ಉಂಡಳು.